ಮೌನಿಯ ಮಾತು: ಮೂಕಜ್ಜಿಯೂ ಕಾರ್ಮೆಲಿನ ಮರಿಯಮಳೂ

ಪುತ್ತೂರು, ಸುಳ್ಯ, ಕಡಬಗಳ ಸೀಮೆಯ ವಾಚಕರಿಗೆ ಮೂಕಜ್ಜಿಯು ಪರಕೀಯಳಲ್ಲ. ಪುತ್ತೂರಿನ ಬಾಲವನದಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾಯಿತೆಂಬುದೂ, ಅದಕ್ಕೆ 1977ರ ಜ್ಞಾನಪೀಠ ಪ್ರಶಸ್ತಿಯು ಸಂದಿತೆಂಬುದೂ ಸರ್ವವಿದಿತ. ಇದೇ ಸೀಮೆಯ ಕೆಥೊಲಿಕ ಮನೆಗಳಲ್ಲಿ ಕೆಲವರಾದರೂ ಇನ್ನೊಬ್ಬ ಸ್ತ್ರೀಯ ಹೆಸರನ್ನು ಬಲ್ಲರು. ಆಕೆ 1870ರಲ್ಲಿ ಮಂಗಳೂರಿಗೆ ಬಂದಿಳಿದ ಕಾರ್ಮೆಲ್ ಮಠದ ಸಂನ್ಯಾಸಿನಿ ಮರಿಯಂ ಬವಾರ್ದಿ. 2015ರ ಮೇ 17ರಂದು ಪೋಪ್ ಫ್ರಾನ್ಸಿಸರು ಆಕೆಯನ್ನು ಸಂತಳೆಂದು ಘೋಷಿಸಿದರು. ಒಬ್ಬಳು ಕವಿಕಲ್ಪಿತೆ, ಇನ್ನೊಬ್ಬಳು ಚರಿತ್ರೆಯ ವ್ಯಕ್ತಿ. ಆದರೂ ಇಬ್ಬರೂ ವಿಮರ್ಶೆಯ ಮುಂದಿಡುವ ಪ್ರಶ್ನೆ ಒಂದೇ: ಮೌನದಲ್ಲಿ ಬಾಳಿದ, ತಾನಾಗಿ ಬರೆಯದ ಹೆಂಗಸಿನ ಮಾತು ಅನ್ಯರ ಲೇಖನಿಯಿಂದ ನಮ್ಮ ಕೈಸೇರಿದಾಗ ಅದನ್ನು ಹೇಗೆ ಓದಬೇಕು?

ಕಾರ್ಮೆಲಿನ ಜೀವನಕ್ರಮವನ್ನು ಮೊದಲು ಅರಿಯುವುದು ಯುಕ್ತ. 13ನೆಯ ಶತಮಾನದ ಆರಂಭದಲ್ಲಿ, ಕಾರ್ಮೆಲ್ ಬೆಟ್ಟದ ಏಕಾಂತವಾಸಿಗಳಿಗೆ ಜೆರುಸಲೇಮಿನ ಧರ್ಮಾಧ್ಯಕ್ಷನಾದ ಆಲ್ಬರ್ಟನು ಕಿರಿದಾದ ನಿಯಮಾವಳಿಯೊಂದನ್ನು ವಿಧಿಸಿದನು. ಕಾಲಾಂತರದಲ್ಲಿ ಸಡಿಲಾದ ಆ ಕ್ರಮವನ್ನು ಸ್ಪೇನಿನ ಆವಿಲದ ತೆರೇಸಳು 1562ರಲ್ಲಿ ಒಂದು ಪುಟ್ಟ ಸ್ತ್ರೀಮಠವನ್ನು ಸ್ಥಾಪಿಸಿ ಮತ್ತೆ ನೆಲೆಗೊಳಿಸಿದಳು. ಕೆಲವೇ ಮಂದಿ ಸೋದರಿಯರು, ಪ್ರಾಕಾರದೊಳಗಿನ ವಾಸ, ದಿನಕ್ಕೆರಡು ಗಂಟೆಗಳ ಮೌನಧ್ಯಾನ, ಹೊತ್ತುಹೊತ್ತಿಗೆ ಕೀರ್ತನೆಗಳ ಸಾಮೂಹಿಕ ಪಠನ, ಉಳಿದ ವೇಳೆ ಕೈಗೆಲಸ. ಹೊರಗಿನವರೊಡನೆ ಮಾತು ಕಂಬಿಯ ಕಿಟಕಿಯ ಮುಖಾಂತರ. ಆದರೂ ಅದು ನಗುವಿಲ್ಲದ ಮನೆಯಲ್ಲ. ಸೋದರಿಯರು ನಿತ್ಯವೂ ಒಂದೆಡೆ ಕುಳಿತು ನುಡಿಯುವ ವೇಳೆಯನ್ನು ತೆರೇಸಳೇ ಗೊತ್ತುಪಡಿಸಿದ್ದಳು. ಆತ್ಮವನ್ನು ಏಳು ನಿವಾಸಗಳ ಕೋಟೆಯಾಗಿ ಕಂಡ ಆಕೆಯ ಗ್ರಂಥವು 1577ರಲ್ಲಿ ಇಂತಹ ಬಾಳಿನ ನಡುವೆಯೇ ಹುಟ್ಟಿತು. ಷಟ್‌ಸ್ಥಲವನ್ನು ಬಲ್ಲ ಕನ್ನಡಿಗರಿಗೆ ಹೀಗೆ ಮೆಟ್ಟಿಲುಮೆಟ್ಟಿಲಾಗಿ ಮುಂದುವರಿಯುವ ಸಾಧನೆ ಅಪರಿಚಿತವೆನಿಸದು.

ತೆರೇಸಳು ಲೇಖಕಿ, ಮರಿಯಮಳು ಹಾಗಲ್ಲ. 1846ರ ಜನವರಿ 5ರಂದು ಗಲಿಲೇಯದ ಇಬಿಲ್ಲಿನ್ ಗ್ರಾಮದಲ್ಲಿ ಹುಟ್ಟಿ, ಶೈಶವದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ತಂದೆಯ ಸೋದರನು ನಿಶ್ಚಯಿಸಿದ ಮದುವೆಯನ್ನು ಹನ್ನೆರಡರ ಎಳೆವಯಸ್ಸಿನಲ್ಲಿ ನಿರಾಕರಿಸಿ, ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೇರೂತ್, ಮಾರ್ಸೇಲ್ಸ್‌ಗಳಲ್ಲಿ ಮನೆಗೆಲಸದವಳಾಗಿ ದುಡಿದು, 1867ರಲ್ಲಿ ಆಕೆ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲನ್ನು ಸೇರಿದಳು. ಓದುಬರಹ ಆಕೆಗೆ ಬಹುಮಟ್ಟಿಗೆ ಬಾರದು. ಬಿಷಪ್ ಮರೀ ಎಫ್ರೇಮರ ಇಚ್ಛೆಯಂತೆ ಮಂಗಳೂರಿನಲ್ಲಿ ಮಠವನ್ನು ಸ್ಥಾಪಿಸಲು 1870ರಲ್ಲಿ ಹೊರಟ ತಂಡದಲ್ಲಿ ಆಕೆಯೂ ಇದ್ದಳು. ದಾರಿಯಲ್ಲಿಯೇ ಮೂವರು ಸೋದರಿಯರು ತೀರಿಕೊಂಡರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲಿ ಆಕೆಯ ವ್ರತಸ್ವೀಕಾರವಾಯಿತು. ಮರುವರ್ಷವೇ ಪೋ ಪಟ್ಟಣಕ್ಕೆ ಮರಳಿ, 1875ರಲ್ಲಿ ಬೆತ್ಲೆಹೇಮಿನ ಮಠಸ್ಥಾಪನೆಗೆ ತೆರಳಿ, 1878ರ ಆಗಸ್ಟ್ 26ರಂದು ಅಲ್ಲಿಯೇ ಅಸುನೀಗಿದಳು. ಆಗ ಆಕೆಯ ವಯಸ್ಸು 32.

ಭಾವಪರವಶಳಾಗಿ ಆಕೆ ಆಡಿದ ಮಾತುಗಳನ್ನೂ ಹಾಡುಗಳನ್ನೂ ಬರೆದಿಟ್ಟವರು ಜೊತೆಯ ಸೋದರಿಯರು. ಪೋ ಮಠದಲ್ಲಿ ದೈವಾನುಗ್ರಹವೆಂದು ತೋರಿದ ಆಕೆಯ ಅನುಭವಗಳನ್ನೇ ಮಂಗಳೂರಿನ ಹಿರಿಯರು ಮೊದಲು ನಂಬಿದರು, ಬಳಿಕ ದುಷ್ಟಶಕ್ತಿಯ ಆಟವೆಂದು ಶಂಕಿಸಿದರು. ಕೊನೆಗೆ ಆಕೆಯನ್ನು ಹಿಂದಕ್ಕೆ ಕಳುಹಿಸಿದರು. ಸಂತಚರಿತ್ರಕಾರರು ಇದನ್ನು ಒಂದು ಪರೀಕ್ಷೆಯೆಂದು ಹೇಳಿ ಮುಂದೆ ಸಾಗುವುದುಂಟು. ವಿಮರ್ಶಕನು ಹಾಗೆ ಸಾಗಲಾಗದು. ಕೇಳುವವರ ಮನಸ್ಸು ಬದಲಾದೊಡನೆ ಮಾತಿನ ಅರ್ಥವೂ ಬದಲಾಯಿತೆಂದ ಮೇಲೆ, ನಮಗೆ ದೊರೆತ ಪಾಠದಲ್ಲಿ ನುಡಿದವಳ ದನಿಯಷ್ಟೇ ಅಲ್ಲದೆ ಬರೆದವರ ಶ್ರದ್ಧೆಯೂ ಬೆರೆತಿದೆಯೆಂದು ಒಪ್ಪಲೇಬೇಕು. ಅಕ್ಕಮಹಾದೇವಿಯನ್ನು ಶೂನ್ಯಸಂಪಾದನೆಯ ಮೂಲಕ ಓದುವಾಗಲೂ ಸಂಕಲನಕಾರನ ಕೈಯನ್ನು ಮರೆಯಲಾಗದಷ್ಟೆ.

ಇಲ್ಲಿ ಮೂಕಜ್ಜಿಯು ನೆರವಿಗೆ ಬರುವಳು, ಎದುರಾಳಿಯಾಗಿಯೂ ನಿಲ್ಲುವಳು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ವರ್ಷಗಟ್ಟಲೆ ಮಾತು ತೊರೆದು, ಮುಪ್ಪಿನಲ್ಲಿ ತನಗೆ ಕಂಡುದನ್ನು ಮೊಮ್ಮಗ ಸುಬ್ಬರಾಯನಿಗೆ ಹೇಳುವವಳು ಆಕೆ. ಬರೆದಿಡುವವನು ಅವನು. ಕಾರಂತರು ಈ ಬರೆಹಗಾರನನ್ನು ಮರೆಮಾಡದೆ ಕಥೆಯೊಳಗೇ ಕೂರಿಸಿದ್ದಾರೆ; ಅವನ ಸಂಶಯ, ಕುತೂಹಲ, ಅಚ್ಚರಿಗಳನ್ನು ಅಳೆದುಕೊಂಡೇ ವಾಚಕನು ಅಜ್ಜಿಯ ಮಾತನ್ನು ತೂಗುವನು. ಮರಿಯಮಳ ಉಕ್ತಿಗಳನ್ನು ಬರೆದಿಟ್ಟವರಿಗೆ ಈ ಕಲಾಸೌಕರ್ಯವಿರಲಿಲ್ಲ. ಇನ್ನು ಎದುರಾಳಿತನದ ವಿಚಾರ. ಸಂಸಾರವನ್ನು ಹೇಯವೆಂದು ಬಗೆದು ಮೋಕ್ಷವನ್ನರಸುವ ವೈರಾಗ್ಯವನ್ನು ಮೂಕಜ್ಜಿಯಷ್ಟು ಖಂಡಿತವಾಗಿ ಪ್ರಶ್ನಿಸಿದ ಪಾತ್ರವು ಕನ್ನಡದಲ್ಲಿ ವಿರಳ. ಆ ಅಜ್ಜಿಯು ಪ್ರಾಕಾರದ ಬಾಗಿಲಲ್ಲಿ ನಿಂತು, ಬದುಕನ್ನು ಹೊರಗಿಟ್ಟು ಒಳಗೆ ಕಾಣುವುದೇನೆಂದು ಕೇಳಿದರೆ ಉತ್ತರವೇನು?

ಉತ್ತರದ ಒಂದು ಪಾಲು ಮರಿಯಮಳ ಮಾತಿನಲ್ಲೇ ಇದೆ. ಹಕ್ಕಿ, ಹೂ, ಬೀಜ, ನೀರು ಮುಂತಾದ ಕಣ್ಣೆದುರಿನ ವಸ್ತುಗಳೇ ಅವಳ ದೃಷ್ಟಾಂತಗಳ ಸಾಮಗ್ರಿ. ಪೋ ಮಠದ ತೋಟದಲ್ಲಿ ಮರದ ತುದಿಯೇರಿ ಹಾಡಿದಳೆಂಬ ವೃತ್ತಾಂತವನ್ನು ನಂಬುವುದೂ ಬಿಡುವುದೂ ಅವರವರ ಇಚ್ಛೆ. ಆದರೆ ಲೋಕವನ್ನು ಹಳಿಯುವವಳ ನುಡಿಗಟ್ಟು ಇದಲ್ಲವೆಂಬುದು ನಿಶ್ಚಯ. ಇನ್ನೊಂದು ಪಾಲು ಇಬ್ಬರ ಬಾಳಿನ ಭೇದದಲ್ಲಿದೆ. ಮೂಕಜ್ಜಿಯ ಒಂಟಿತನವು ಸಮಾಜವು ಹೊರಿಸಿದ ಹೊರೆ. ಮರಿಯಮಳದು ಹೊರಿಸಲು ಬಂದ ಮದುವೆಯನ್ನು ತಳ್ಳಿ ತಾನೇ ಆಯ್ದುಕೊಂಡ ಹಾದಿ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಮೌನವಾಗಿ ತೋರಬಹುದು. ಒಂದರ ತಪ್ಪನ್ನು ಇನ್ನೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದರೂ ಅಜ್ಜಿಯ ಆಕ್ಷೇಪವು ಪೂರ್ತಿಯಾಗಿ ಬಿದ್ದುಹೋಗದು. ಆಯ್ದುಕೊಂಡ ವಿಧೇಯತೆಗೂ ಬೆಲೆಯುಂಟು. ಮಂಗಳೂರಿನಲ್ಲಿ ತನ್ನ ಮಾತಿನ ಮೇಲೆ ಅನುಮಾನವೆದ್ದಾಗ, ತನ್ನ ಪಕ್ಷವನ್ನು ಬರೆದು ಮಂಡಿಸುವ ಅಕ್ಷರಬಲವೂ ಆ ಸಂನ್ಯಾಸಿನಿಗಿರಲಿಲ್ಲ. ತೀರ್ಪು ಅನ್ಯರದಾಯಿತು, ಬರೆಹವೂ ಅನ್ಯರದಾಯಿತು. ಇಂದು ಸಂತಪದವಿಯು ದೊರೆತಿರುವುದರಿಂದ ಈ ವ್ಯಥೆಯು ಚರಿತ್ರೆಯಿಂದ ಅಳಿಸಿಹೋಗುವುದಿಲ್ಲ.

ಆದಕಾರಣ ಮರಿಯಮಳ ಉಕ್ತಿಗಳನ್ನು ಕನ್ನಡಕ್ಕೆ ತರಲು ಹೊರಡುವವರು ಸುಬ್ಬರಾಯನ ಪಾಠವನ್ನು ಕಲಿಯಬೇಕು: ಯಾರು, ಎಂದು, ಯಾವ ನಂಬಿಕೆಯಿಂದ ಬರೆದುಕೊಂಡರೆಂಬುದನ್ನು ಉಕ್ತಿಯ ಪಕ್ಕದಲ್ಲೇ ತಿಳಿಸಬೇಕು. ಪವಾಡಗಳನ್ನು ಮುಂದಿಟ್ಟು ಮಾತನ್ನು ಹಿಂದಿಟ್ಟರೆ ಭಕ್ತರಿಗೆ ಒಂದು ಗ್ರಂಥ ಹೆಚ್ಚೀತು, ಸಾಹಿತ್ಯಕ್ಕೆ ಒಂದು ದನಿ ತಪ್ಪೀತು. ಅಜ್ಜಿಯ ಮಾತಿಗೆ ತಾಳ್ಮೆಯಿಂದ ಕಿವಿಗೊಟ್ಟ ಈ ಸೀಮೆಯ ವಾಚಕರು ಕಂಬಿಯ ಕಿಟಕಿಯಾಚೆಯ ಈ ಮಾತಿಗೂ ಅಷ್ಟೇ ತಾಳ್ಮೆಯಿಂದ, ಅಷ್ಟೇ ಎಚ್ಚರದಿಂದ ಕಿವಿಗೊಡಬಲ್ಲರು.