ಪದವಿಯ ಪ್ರಶಂಸೆ ಮತ್ತು ಕೃತಿಯ ಪರೀಕ್ಷೆ

ವಿಶ್ವವಿದ್ಯಾನಿಲಯಗಳಲ್ಲಿ ಪದವಿ ಪಡೆದ ಕಪ್ಪು ಅಮೆರಿಕನ್ನರ ಸಾಧನೆಯನ್ನು ಕೊಂಡಾಡುವ ಲೇಖನಗಳಲ್ಲಿ ‘ಮೊದಲಿಗರು’ ಎಂಬ ಮಾತು ಪದೇ ಪದೇ ಬರುತ್ತದೆ. 1823ರಲ್ಲಿ ಮಿಡ್ಲ್‌ಬರಿ ಕಾಲೇಜಿನ ಪದವೀಧರರಾದ ಅಲೆಕ್ಸಾಂಡರ್ ಟ್ವೈಲೈಟ್, 1862ರಲ್ಲಿ ಓಬರ್ಲಿನ್ ಕಾಲೇಜಿನಿಂದ ಬಿ.ಎ. ಪಡೆದ ಮೇರಿ ಜೇನ್ ಪ್ಯಾಟರ್ಸನ್, 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಗಳಿಸಿದ ಡಬ್ಲ್ಯು. ಇ. ಬಿ. ಡುಬಾಯ್ಸ್—ಇವರ ಹೆಸರುಗಳು ಆ ಪಟ್ಟಿಗಳಲ್ಲಿ ಕಾಣುತ್ತವೆ. ಮುಚ್ಚಿದ್ದ ಬಾಗಿಲನ್ನು ದಾಟಿದವರನ್ನು ನೆನೆಯುವುದು ಉಚಿತವೇ ಸರಿ. ಆದರೆ ಪದವಿಯೊಂದನ್ನೇ ಹೊಗಳುವ ಪ್ರಶಂಸೆಯು ಕಡೆಗೆ ಪದವಿಯನ್ನು ಕೊಟ್ಟ ಸಂಸ್ಥೆಗೆ ಸಲ್ಲುತ್ತದೆಯೇ ಹೊರತು ಪಡೆದ ವಿದ್ವಾಂಸನಿಗಲ್ಲ. ವಿದ್ವಾಂಸನಿಗೆ ಸಲ್ಲಬೇಕಾದ ಗೌರವವೆಂದರೆ ಅವನ ಕೃತಿಯನ್ನು ಓದಿ ಗುಣದೋಷಗಳನ್ನು ತೂಗುವುದು. ಈ ಮಾತಿಗೆ ಡುಬಾಯ್ಸರ ಕೃತಿಯೇ ನಿದರ್ಶನ.

ಗುಲಾಮರ ವ್ಯಾಪಾರವನ್ನು ಕುರಿತ ಅವರ ಪ್ರೌಢಪ್ರಬಂಧವು 1896ರಲ್ಲಿ ಹಾರ್ವರ್ಡ್ ಇತಿಹಾಸ ಗ್ರಂಥಮಾಲೆಯ ಪ್ರಥಮ ಸಂಪುಟವಾಗಿ ಪ್ರಕಟವಾಯಿತು. ಅವರ ಪ್ರತಿಭೆಯ ಪೂರ್ಣಸ್ವರೂಪವನ್ನು ಕಾಣಬೇಕಾದರೆ ಮಾತ್ರ 1935ರ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್ ಇನ್ ಅಮೆರಿಕ’ವನ್ನು ನೋಡಬೇಕು. ಅಂತರ್ಯುದ್ಧವು 1865ರಲ್ಲಿ ಮುಗಿದ ಮೇಲೆ 1877ರವರೆಗೆ ನಡೆದ ಪುನರ್ನಿರ್ಮಾಣವನ್ನು ಆಗಿನ ಪಂಡಿತರು ಹೀನಾಯವಾಗಿ ಚಿತ್ರಿಸಿದ್ದರು. ಬಿಡುಗಡೆ ಹೊಂದಿದ ಗುಲಾಮರಿಗೆ ಮತಾಧಿಕಾರ ಕೊಟ್ಟದ್ದೇ ಅನರ್ಥಕ್ಕೆ ಮೂಲವೆಂಬುದು ಕೊಲಂಬಿಯ ವಿಶ್ವವಿದ್ಯಾನಿಲಯದ ಡನಿಂಗ್ ಮತ್ತು ಅವರ ಶಿಷ್ಯರ ವಾದವಾಗಿದ್ದಿತು. ಡುಬಾಯ್ಸರು ಇದನ್ನು ಬುಡಮೇಲು ಮಾಡಿದರು. ತೋಟಗಳನ್ನು ತೊರೆದು ಉತ್ತರದ ಸೇನೆಯನ್ನು ಸೇರಿದ ಗುಲಾಮರು ಯುದ್ಧದ ಗತಿಯನ್ನೇ ತಿರುಗಿಸಿದರೆಂದೂ, ದಕ್ಷಿಣದಲ್ಲಿ ಸಾರ್ವಜನಿಕ ಶಾಲೆಗಳ ಸ್ಥಾಪನೆಗೆ ಅವರ ಆಗ್ರಹ ಮುಖ್ಯ ಕಾರಣವೆಂದೂ ಪ್ರತಿಪಾದಿಸಿದರು. ಕೊನೆಯ ಅಧ್ಯಾಯದಲ್ಲಿ ಪಠ್ಯಪುಸ್ತಕಗಳನ್ನೇ ಪರೀಕ್ಷೆಗೆ ಒಡ್ಡಿದರು.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಗುಲಾಮರು ತೋಟ ಬಿಟ್ಟುದನ್ನು ‘ಸಾರ್ವತ್ರಿಕ ಮುಷ್ಕರ’ವೆಂದು ಕರೆದಿರುವುದು ಆ ಪದದ ಅರ್ಥವನ್ನು ಮಿತಿಮೀರಿ ಹಿಗ್ಗಿಸಿದಂತೆ ತೋರುತ್ತದೆ, ಚದರಿದ ಸಾವಿರಾರು ಪಲಾಯನಗಳಿಗೂ ಸಂಘಟಿತ ಮುಷ್ಕರಕ್ಕೂ ಭೇದವುಂಟು. ಲೇಖಕರು ದಕ್ಷಿಣದ ಪತ್ರಾಗಾರಗಳ ಮೂಲದಾಖಲೆಗಳಿಗಿಂತ ಮುದ್ರಿತ ಆಕರಗಳನ್ನೇ ಹೆಚ್ಚಾಗಿ ಅವಲಂಬಿಸಿದ್ದಾರೆ. ಆದರೆ ಈ ನ್ಯೂನತೆಯನ್ನು ಎಣಿಸುವಾಗ ಆ ಕಾಲದ ಪತ್ರಾಗಾರಗಳ ಸ್ಥಿತಿಯನ್ನೂ ಎಣಿಸಬೇಕು. 1939ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿಯಾಗಿ ಉತ್ತರ ಕೆರೊಲಿನದ ಪತ್ರಾಗಾರಕ್ಕೆ ಹೋದ ಜಾನ್ ಹೋಪ್ ಫ್ರಾಂಕ್ಲಿನ್ ಅವರಿಗೆ ಬಿಳಿಯರೊಡನೆ ಕುಳಿತು ಓದುವ ಅವಕಾಶವಿರಲಿಲ್ಲ. ಅವರಿಗೆಂದು ಬೇರೆ ಕೋಣೆಯನ್ನು ಸಿದ್ಧಪಡಿಸಲಾಯಿತು. ಪದವಿಯಿಂದ ತೆರೆದಂತೆ ಕಂಡ ಬಾಗಿಲು ದಾಖಲೆಯ ಕಪಾಟಿನ ಬಳಿ ಮತ್ತೆ ಅರೆಮುಚ್ಚಿಕೊಳ್ಳುತ್ತಿತ್ತು.

ಇದಕ್ಕಿಂತ ಗಂಭೀರವಾದುದು ಪಂಡಿತವರ್ಗದ ಮೌನ. ಇತಿಹಾಸಕಾರರ ಪ್ರಮುಖ ಪತ್ರಿಕೆಯಾದ ‘ಅಮೆರಿಕನ್ ಹಿಸ್ಟಾರಿಕಲ್ ರಿವ್ಯೂ’ ಆ ಗ್ರಂಥವನ್ನು ಅಂದು ವಿಮರ್ಶಿಸಲೇ ಇಲ್ಲ. ವಿಮರ್ಶೆ ಪ್ರಕಟವಾದದ್ದು 2022ರಲ್ಲಿ, 87 ವರ್ಷಗಳ ತರುವಾಯ. ಅಷ್ಟರಲ್ಲಿ 1988ರ ಎರಿಕ್ ಫೋನರರ ಬೃಹದ್ಗ್ರಂಥವೂ ಸೇರಿ, ಆ ಯುಗದ ಇತಿಹಾಸವನ್ನು ಡುಬಾಯ್ಸರು ತೋರಿದ ದಿಕ್ಕಿನಲ್ಲಿಯೇ ಹೊಸದಾಗಿ ಬರೆದದ್ದಾಗಿತ್ತು. ಅವರ ಡಾಕ್ಟರೇಟನ್ನು ಅಲ್ಲಗಳೆಯಲಾರದವರು ಅವರ ವಾದವನ್ನು ಓದದೆ ಬಿಟ್ಟಿದ್ದರು.

ಈ ಪಾಠ ನಮಗೂ ಸಲ್ಲುತ್ತದೆ. 1946ರಲ್ಲಿ ಡುಬಾಯ್ಸರಿಗೆ ಪತ್ರ ಬರೆದ ಅಂಬೇಡ್ಕರರ ಪದವಿಗಳನ್ನು ನಮ್ಮ ಸಭೆಗಳಲ್ಲಿ ಎಣಿಸಿ ಹೇಳುತ್ತೇವೆ. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ 1923ರ ಗ್ರಂಥವನ್ನು ತರಗತಿಯಲ್ಲಿ ತೆರೆಯುವವರು ಎಷ್ಟು ಮಂದಿ? ಮೊದಲಿಗರ ಪಟ್ಟಿಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಅವರಲ್ಲೊಬ್ಬರ ಒಂದು ಅಧ್ಯಾಯವನ್ನಾದರೂ ಓದಿಸಿ, ಒಪ್ಪಲು ಅಥವಾ ಖಂಡಿಸಲು ಕಲಿಸಿದರೆ ಅಧ್ಯಾಪಕನು ತನ್ನ ಕರ್ತವ್ಯವನ್ನು ಮಾಡಿದಂತೆ.