ಕೊನೆಯ ನಾಲ್ಕು ಬೆರಳು

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ಕಾರ್ಖಾನೆಗಳ ಗೇಟಿನ ಮುಂದೆ ಎರಡು ಥರದ ವ್ಯಾನು ಕಾಣಸಿಗುತ್ತವೆ. ಒಂದು ಈಕೋ. ಬೆಳಿಗ್ಗೆ ಶಾಲೆ ಮಕ್ಕಳು, ಮಧ್ಯಾಹ್ನ ನೂಲಿನ ಕೋನು, ಗುರುವಾರ ಬಂತೆಂದರೆ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವರು, ಎಲ್ಲರನ್ನೂ ಎಲ್ಲವನ್ನೂ ಅದೇ ಹೊರಬೇಕು. ಇನ್ನೊಂದು ಅಪರೂಪದ್ದು. ಮಾಲೀಕರ ಮನೆಮಂದಿಯ ದೊಡ್ಡ ಗಾಡಿ, ಗುಂಡಿ ಒತ್ತಿದರೆ ಬಾಗಿಲು ತಾನಾಗಿ ಸರಿಯುತ್ತದೆ. ಕಿಯಾ ಕಾರ್ನಿವಲ್ 2020ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ 24.95 ಲಕ್ಷ ರೂಪಾಯಿಯಿಂದ ಶುರುವಾಗಿತ್ತು; 2024ರ ಅಕ್ಟೋಬರಿನಲ್ಲಿ ಹೊಸ ರೂಪದಲ್ಲಿ ಬಂದಾಗ ಬೆಲೆ 63.90 ಲಕ್ಷ. ಟೊಯೊಟಾ ವೆಲ್‌ಫೈರ್ ಅದಕ್ಕೂ ಮೇಲೆ. ಜಾಹೀರಾತಿನಲ್ಲಿ ಇವುಗಳ ಬಾಗಿಲಿಗೆ ಸಿಗುವ ಜಾಗ ಎಂಜಿನ್ನಿಗೂ ಸಿಗುವುದಿಲ್ಲ. ಆದ್ದರಿಂದ ಆ ಬಾಗಿಲನ್ನೇ ವಿಮರ್ಶೆಗೆ ಎತ್ತಿಕೊಳ್ಳುವುದು ನ್ಯಾಯ.

ಮೊದಲು ಹೊಗಳಿಕೆಯ ಬಾಕಿ ತೀರಿಸೋಣ. ನವಿ ಪೇಠದಂಥ ಇಕ್ಕಟ್ಟಿನ ಪೇಟೆಯಲ್ಲಿ ಹೊರಕ್ಕೆ ತೆರೆಯುವ ಬಾಗಿಲು ಹಿಂದಿನಿಂದ ಬರುವ ಬೈಕಿನವನ ಎದೆಗೇ ಬಡಿಯುತ್ತದೆ. ಸರಿಯುವ ಬಾಗಿಲಿಗೆ ಆ ಪಾಪ ಅಂಟುವುದಿಲ್ಲ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದ ಹತ್ತಿರ ಜನಜಂಗುಳಿಯ ನಡುವೆ ಗಾಡಿ ನಿಲ್ಲಿಸಿ, ಮೊಣಕಾಲು ನೋವಿನ ಆಯಿಯನ್ನು ಇಳಿಸಿಕೊಳ್ಳಲು ಇಷ್ಟು ಅಗಲದ ಬಾಗಿಲು ಬೇರೆ ಯಾವ ಕಾರಿನಲ್ಲೂ ಇಲ್ಲ. ಕಂಕುಳಲ್ಲಿ ಕೂಸು, ಕೈಯಲ್ಲಿ ನೈವೇದ್ಯದ ಡಬ್ಬಿ ಇರುವ ಸೊಸೆಗೆ ಬಾಗಿಲು ತಾನೇ ತೆರೆದರೆ ಅದು ಐಷಾರಾಮವಲ್ಲ, ಉಪಕಾರ. ನನ್ನ ತಕರಾರು ತೆರೆಯುವುದರ ಮೇಲಲ್ಲ, ಮುಚ್ಚುವುದರ ಮೇಲೆ. ಅದರಲ್ಲೂ ಮುಚ್ಚುವಾಗಿನ ಕೊನೆಯ ನಾಲ್ಕು ಬೆರಳಿನಷ್ಟು ಅಂತರದ ಮೇಲೆ.

ಆ ಅಂತರದಲ್ಲಿ ಏನಾಗುತ್ತದೆ ಎಂದು ತಿಳಿಯಲು ಬಾಗಿಲಿನ ಹೊಟ್ಟೆಯೊಳಗೆ ಇಣುಕಬೇಕು. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ರೇಲು. ಅವುಗಳಲ್ಲಿ ಓಡುವ ರೋಲರು. ಕೇಬಲ್ ಎಳೆಯುವ ಮೋಟಾರು. ಬಾಗಿಲಿಗೆ ಕಣ್ಣಿಲ್ಲ. ಮೋಟಾರಿನ ವೇಗ ಇಳಿದರೆ, ಅದು ಎಳೆಯುವ ಕರೆಂಟು ಏರಿದರೆ, ಏನೋ ಅಡ್ಡ ಬಂದಿದೆ ಎಂದು ಲೆಕ್ಕ ಹಾಕಿ ಹಿಂದೆ ಸರಿಯುತ್ತದೆ. ಬಾಗಿಲಿನ ಮುಂದಿನ ಅಂಚಿಗೆ ಒತ್ತಡ ಗುರುತಿಸುವ ರಬ್ಬರ್ ಪಟ್ಟಿ ಕೂರಿಸಿರುವ ಗಾಡಿಗಳೂ ಇವೆ. ಎರಡರಲ್ಲೂ ಬಾಗಿಲಿಗೆ ತಿಳಿಯುವುದು ಮುಟ್ಟಿದ ಮೇಲೆಯೇ. ಇಲ್ಲಿಯವರೆಗೆ ಪರವಾಗಿಲ್ಲ. ಆದರೆ ಮಳೆ, ಧೂಳು ಒಳಗೆ ಬಾರದಂತೆ ಬಾಗಿಲ ಚೌಕಟ್ಟಿನ ಸುತ್ತ ದಪ್ಪ ರಬ್ಬರು ಇರುತ್ತದಲ್ಲ, ಅದನ್ನು ಅದುಮದೆ ಲಾಕು ಬೀಳುವುದಿಲ್ಲ. ಅರ್ಧ ಬಿದ್ದ ಲಾಕನ್ನು ಪೂರ್ತಿ ಎಳೆದುಕೊಳ್ಳಲು ಬೇರೆಯೇ ಒಂದು ಮೋಟಾರು ಕೆಲಸಕ್ಕೆ ಇಳಿಯುತ್ತದೆ. ಅಂದರೆ ಬೆರಳು ಸಿಕ್ಕಿಕೊಳ್ಳುವ ಜಾಗದಲ್ಲೇ ಬಾಗಿಲಿಗೆ ಹೆಚ್ಚು ಜೋರು ಬೇಕು. ರಬ್ಬರಿನ ಪ್ರತಿರೋಧ ಯಾವುದು, ಮಗುವಿನ ಬೆರಳು ಯಾವುದು ಎಂದು ಅದು ಅಲ್ಲಿಯೇ ಬೇರ್ಪಡಿಸಬೇಕು. ಕೂದಲೆಳೆಯ ವ್ಯತ್ಯಾಸವನ್ನು ಗುರುತಿಸುವ ಈ ಕೆಲಸವನ್ನು ಅದು ಯಾವಾಗಲೂ ಸರಿಯಾಗಿ ಮಾಡುವುದಿಲ್ಲ.

ಇದು ಬರೀ ತರ್ಕವಲ್ಲ. 2023ರಲ್ಲಿ ಕಿಯಾ ಅಮೆರಿಕದಲ್ಲಿ 51,568 ಕಾರ್ನಿವಲ್‌ಗಳನ್ನು ವಾಪಸ್ ಕರೆಯಿತು. ಬಾಗಿಲು ಹಿಂದೆ ಸರಿಯುವ ಮುನ್ನವೇ ಗಾಯವಾಗುವಷ್ಟು ಒತ್ತಬಹುದು ಎಂಬುದು ಕಾರಣ. 9 ಮಂದಿಗೆ ಪೆಟ್ಟಾದ ವರದಿಯಿತ್ತು. ಪರಿಹಾರವೇನು? ಸಾಫ್ಟ್‌ವೇರ್ ಬದಲಿಸಿ, ಲಾಕಿನ ಹತ್ತಿರ ಬಾಗಿಲಿನ ವೇಗ ತಗ್ಗಿಸಿ, ಸರಿಯುವ ಮೊದಲು ಟಿಣ್ ಟಿಣ್ ಸದ್ದು ಸೇರಿಸಿದರು. ವೇಗ ತಗ್ಗಿಸಿದ್ದು ಸರಿ. ಸದ್ದು ಯಾರಿಗೆ? ಕಿವಿ ಮಂದವಾದ ಅಜ್ಜನಿಗೋ, ಸದ್ದು ಕೇಳಿ ಕುತೂಹಲದಿಂದ ಹತ್ತಿರ ಬರುವ ಮೂರು ವರ್ಷದ ಮೊಮ್ಮಗನಿಗೋ? ಎಚ್ಚರಿಕೆಯ ಗಂಟೆ ಹೊಡೆದಾಗ ಹೊಣೆ ಯಂತ್ರದಿಂದ ಮನುಷ್ಯನ ಹೆಗಲಿಗೆ ಜಾರುತ್ತದೆ. ಅಷ್ಟರಮಟ್ಟಿಗೆ ಅದು ತಯಾರಕರಿಗೆ ಅಗ್ಗದ ರಿಪೇರಿ.

ತಿರುಗುಮುರುಗಾದ ಕಥೆಯೂ ಇದೆ. ಹೋಂಡಾ 2018ರಲ್ಲಿ ಸುಮಾರು 1.07 ಲಕ್ಷ ಒಡಿಸ್ಸಿ ವ್ಯಾನುಗಳನ್ನು ಕರೆಸಿಕೊಂಡದ್ದು ಪವರ್ ಬಾಗಿಲಿನ ಲಾಕು ಪೂರ್ತಿ ಬೀಳದೆ ಉಳಿಯಬಹುದೆಂದು. ಅದಕ್ಕೂ ಎರಡು ವರ್ಷ ಮೊದಲು ಟೊಯೊಟಾ 8 ಲಕ್ಷಕ್ಕೂ ಹೆಚ್ಚು ಸಿಯೆನಾ ಗಾಡಿಗಳನ್ನು ಕರೆಸಿತು: ಬಾಗಿಲು ಎಲ್ಲೋ ಸಿಕ್ಕಿಕೊಂಡರೆ ಮೋಟಾರಿನ ಮೇಲೆ ಹೊರೆ ಬಿದ್ದು ಫ್ಯೂಸ್ ಹಾರುತ್ತದೆ, ಆ ಹೊತ್ತಿಗೆ ಲಾಕು ಬಿಟ್ಟುಕೊಂಡಿದ್ದರೆ ಗಾಡಿ ಓಡುವಾಗಲೇ ಬಾಗಿಲು ತೆರೆದುಕೊಳ್ಳಬಹುದು. ಒಂದೆಡೆ ಬಾಗಿಲಿಗೆ ಹಿಡಿತ ಜಾಸ್ತಿ, ಇನ್ನೊಂದೆಡೆ ಕಡಿಮೆ. ಇಷ್ಟು ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿವೆ ಎಂದರೆ ತಪ್ಪು ಯಾವುದೋ ಒಂದು ಬ್ಯಾಚಿನದಲ್ಲ, ಹೆಣೆದ ರೀತಿಯದು.

ಕಾನೂನು ಏನನ್ನುತ್ತದೆ ಎಂದು ನೋಡಿದರೆ ಬೆರಗಾಗುತ್ತದೆ. ಅಮೆರಿಕದ ವಾಹನ ಸುರಕ್ಷಾ ನಿಯಮ 118ರ ಪ್ರಕಾರ ತಾನಾಗಿ ಏರುವ ಕಿಟಕಿ ಗಾಜು 100 ನ್ಯೂಟನ್, ಅಂದರೆ ಸುಮಾರು ಹತ್ತು ಕಿಲೋ ಭಾರದಷ್ಟು ಒತ್ತುವ ಮೊದಲೇ ಹಿಂದೆ ಸರಿಯಬೇಕು. ಗಾಜಿಗಿಂತ ಎಷ್ಟೋ ಭಾರವಾದ ಬಾಗಿಲಿಗೆ ಆ ನಿಯಮಾವಳಿಯಲ್ಲಿ ಅಂಥ ಮಿತಿಯೇ ಇಲ್ಲ. ನಮ್ಮಲ್ಲಿ 2019ರ ಜುಲೈನಿಂದ ಜಾರಿಗೆ ಬಂದ ಎಐಎಸ್-145 ಸೆಂಟ್ರಲ್ ಲಾಕ್ ಕೆಟ್ಟರೂ ಬಾಗಿಲನ್ನು ಕೈಯಿಂದ ತೆರೆಯುವಂತಿರಬೇಕು ಎಂದಿತು. ಒಳ್ಳೆಯ ನಿಯಮ. ಆದರೆ ಅದು ಒಳಗೆ ಸಿಕ್ಕಿಬಿದ್ದವರ ಯೋಚನೆ ಮಾಡಿದೆಯೇ ಹೊರತು ಬಾಗಿಲ ನಡುವೆ ಸಿಕ್ಕಿಬಿದ್ದವರದ್ದಲ್ಲ.

ಎಂಐಡಿಸಿಯಲ್ಲಿ ಪರಿಚಯದವರೊಬ್ಬರ ಗಾಡಿ ನಿಂತಿತ್ತು. ಅವರ ಡ್ರೈವರ್ ಹೆಮ್ಮೆಯಿಂದ, “ಬಾಗ್ಲಾ ತಾನ ಮುಚ್ಚತೈತ್ರೀ, ಕೈ ಹಚ್ಚಬ್ಯಾಡ್ರಿ” ಅಂದ. ಇಲ್ಲಿ ಟವೆಲಿಗೇನು ಬರ. ಒಂದನ್ನು ದಪ್ಪಗೆ ಸುತ್ತಿ ಅಡ್ಡ ಹಿಡಿದೆವು. ಮುಟ್ಟಿದ ಕೂಡಲೇ ಬಾಗಿಲು ಹಿಂದೆ ಹೋಯಿತು. ಡ್ರೈವರ್ ಮೀಸೆಯಡಿ ನಕ್ಕ. ಆಮೇಲೆ ಅದೇ ಟವೆಲನ್ನು ಬಿಚ್ಚಿ, ಒಂದು ಪದರದ ಅಂಚನ್ನಷ್ಟೇ ಮೆಟ್ಟಿಲ ಮೇಲೆ ಇಳಿಬಿಟ್ಟೆವು. ಬಾಗಿಲು ಅದನ್ನು ಕಚ್ಚಿಕೊಂಡೇ ಲಾಕಾಯಿತು, ಡ್ಯಾಶ್‌ಬೋರ್ಡಿನ ಬಾಗಿಲ ದೀಪವೂ ಆರಿತು. ಗಾಡಿಯ ಲೆಕ್ಕದಲ್ಲಿ ಎಲ್ಲ ಸರಿಯಿತ್ತು. ಟವೆಲಿನ ಜಾಗದಲ್ಲಿ ಇಳಕಲ್ ಸೀರೆಯ ಸೆರಗು ಇದ್ದು, ಅದನ್ನು ಉಟ್ಟವರು ಇನ್ನೂ ಕೆಳಗೇ ನಿಂತಿದ್ದರೆ? ಕೈಯಿಂದ ಮುಚ್ಚುವ ಬಾಗಿಲೂ ಸೆರಗನ್ನು ಕಚ್ಚುತ್ತದೆ, ನಿಜ. ಆದರೆ ಅದನ್ನು ಮುಚ್ಚುವವನು ಬಾಗಿಲ ಪಕ್ಕದಲ್ಲೇ ನಿಂತಿರುತ್ತಾನೆ. “ಆಯಿ, ಸೆರಗ ಒಳಗ ತಗೋರಿ” ಎನ್ನುತ್ತಾನೆ. ಇಲ್ಲಿ ಗುಂಡಿ ಒತ್ತುವವನು ಸ್ಟೇರಿಂಗ್ ಹಿಂದೆ ಕೂತಿದ್ದಾನೆ. ಅವನಿಗೆ ಕಾಣುವುದು ಕನ್ನಡಿಯಲ್ಲಿ ಎಷ್ಟು ಕಂಡರೆ ಅಷ್ಟು.

ಹಾಗೆಂದು ಈಕೋದ ಬಾಗಿಲಿಗೆ ಆರತಿ ಎತ್ತುವಂತಿಲ್ಲ. 1984ರಿಂದ 2019ರವರೆಗೆ ಓಡಿದ ಓಮ್ನಿಯ ವಂಶದ್ದು ಅದು. ಸಿನಿಮಾದ ಅಪಹರಣಕಾರರಿಗೆ ಪ್ರಿಯವಾದ ಆ ಬಾಗಿಲು ಮನೆಮಂದಿಗೂ ಪ್ರಿಯವಾಯಿತು, ಅಷ್ಟೇ. ಹಳೆಯ ಗಾಡಿಯಲ್ಲಿ ರೋಲರು ಸವೆದು, ಧಡಾರನೆ ಎಳೆದರೆ ಮಾತ್ರ ಲಾಕು ಬೀಳುತ್ತದೆ. ಹಾಗೆ ಎಳೆಯುವವನು ಹನ್ನೆರಡು ವರ್ಷದ ಹುಡುಗ, ಚೌಕಟ್ಟಿಗೆ ಕೈಯಿಟ್ಟವಳು ಅವನ ತಂಗಿ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಗಾಳಿಗೆಂದು ಬಾಗಿಲು ತೆಗೆದೇ ಓಡಿಸುವವರಿಗೂ ಕಡಿಮೆಯಿಲ್ಲ. 2016ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಆಗಿನ ಈಕೋಗೆ ಸಿಕ್ಕ ನಕ್ಷತ್ರ ಸೊನ್ನೆ. ಆದರೂ ಒಂದು ಮಾತು: ಈ ಬಾಗಿಲಿನ ಅಪಾಯ ಎಲ್ಲರಿಗೂ ಗೊತ್ತಿರುವುದು. ಯಾವ ತಾಯಿಯೂ ಅದನ್ನು ನಂಬಿ ಮಗುವನ್ನು ಬಿಡುವುದಿಲ್ಲ. ಅರವತ್ತು ಲಕ್ಷದ ಬಾಗಿಲಿಗೆ ಸಿಗುವ ನಂಬಿಕೆಯೇ ಅದರ ದೊಡ್ಡ ಅಪಾಯ.

ಆ ನಂಬಿಕೆಗೆ ಈ ಊರಿನ ಗಾಳಿಯೂ ಒಗ್ಗುವಂಥದ್ದಲ್ಲ. ಮಗ್ಗದಿಂದ ಏಳುವ ಹತ್ತಿಯ ಧೂಳು ಗ್ರೀಸಿಗೆ ಅಂಟಿ ಕೆಳಗಿನ ರೇಲಿನಲ್ಲಿ ಗಟ್ಟಿ ಹಿಟ್ಟಾಗುತ್ತದೆ. ರೋಲರು ತಡವರಿಸಿದರೆ ಬಾಗಿಲು ಅದನ್ನೂ ಅಡ್ಡಿ ಎಂದೇ ತಿಳಿದು ಮುಚ್ಚದೆ ಹಿಂದೆ ಸರಿಯುತ್ತದೆ. ಬೇಸತ್ತ ಡ್ರೈವರ್ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾನೆ. ಸುಮ್ಮಸುಮ್ಮನೆ ಹಿಂದೆ ಸರಿಯುವ ಬಾಗಿಲಿಗೆ ಒಗ್ಗಿದವನು ಅದು ನಿಜವಾಗಿ ಯಾರದೋ ಕೈಗೆ ತಾಗಿ ಹಿಂದೆ ಸರಿದಾಗಲೂ ತಿರುಗಿ ನೋಡದೆ ಮತ್ತೆ ಗುಂಡಿ ಒತ್ತುತ್ತಾನೆ. ಕಂಪನಿಯ ಕೈಪಿಡಿ ರೇಲನ್ನು ಚೊಕ್ಕಟವಾಗಿಡಿ ಎನ್ನುತ್ತದೆ. ಇಂಗ್ಲಿಷಿನ ಆ ಪುಸ್ತಕ ಮಾಲೀಕರ ಕಪಾಟಿನಲ್ಲಿರುತ್ತದೆ, ಗಾಡಿ ಓಡಿಸುವವನ ಕೈಯಲ್ಲಲ್ಲ.

ಮಾಡಬೇಕಾದದ್ದು ಅಂಥ ಕಷ್ಟದ್ದೇನಲ್ಲ. ಕೊನೆಯ ನಾಲ್ಕು ಬೆರಳಿನ ಹತ್ತಿರ ಬಾಗಿಲು ನಿಲ್ಲಬೇಕು. ಅಲ್ಲಿಂದ ಮುಂದೆ, ಬಾಗಿಲ ಬಳಿ ನಿಂತವರು ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮುಚ್ಚಬೇಕು. ಬೆರಳು ತೆಗೆದರೆ ನಿಲ್ಲಬೇಕು. ಮಾರಾಟದ ವಿಡಿಯೋದಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ ಎಂಬುದೊಂದೇ ಅಡ್ಡಿ. ಅಲ್ಲಿಯತನಕ ಇಂಥ ಹಲವು ಗಾಡಿಗಳಲ್ಲಿ ಪವರ್ ಬಾಗಿಲನ್ನು ಪೂರ್ತಿ ಬಂದ್ ಮಾಡುವ ಸ್ವಿಚ್ ಡ್ರೈವರ್ ಹತ್ತಿರವೇ ಇದೆ. ಮಕ್ಕಳಿರುವ ಮನೆಯವರು ಅದನ್ನು ಒತ್ತಿಟ್ಟು ಕೈಯಿಂದಲೇ ಎಳೆದು ಮುಚ್ಚಬಹುದು. ಇನ್ನು ಕೊಳ್ಳಲು ಹೊರಟವರು ಶೋರೂಮಿಗೆ ಹೋಗುವಾಗ ಒಂದು ಸೀರೆಯನ್ನು ಜೊತೆಗೆ ಒಯ್ಯಲಿ. ಅಲ್ಲಿನ ಹುಡುಗ ತನ್ನ ತೋಳನ್ನೇ ಅಡ್ಡ ಇಟ್ಟು ಬಾಗಿಲು ಹಿಂದೆ ಸರಿಯುವುದನ್ನು ತೋರಿಸಿದ ಮೇಲೆ, ಈಗ ಇದರ ಸೆರಗನ್ನು ಇಟ್ಟು ತೋರಿಸಪ್ಪ ಎಂದು ಕೇಳಲಿ.