ನಾದಿರಾಳನ್ನು ಯಾರೂ ಕೇಳಲಿಲ್ಲ



2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಇಲ್ಲಿನ ಕನ್ನಡಿಗರಿಗೆ ಆದ ಸಂಭ್ರಮ ನಿಮಗೆ ನೆನಪಿರಬಹುದು. ಕನ್ನಡ ಪುಸ್ತಕ ಮುಟ್ಟಿ ವರ್ಷಗಳೇ ಕಳೆದಿದ್ದವರೂ ಊರಿನಿಂದ ಬರುವವರ ಬಳಿ ಪುಸ್ತಕ ತರಿಸಿಕೊಂಡರು. ಆ ಹುರುಪಿನಲ್ಲೇ ಸತ್ವಾದ ನಮ್ಮ ಓದುಕೂಟ ನಾಲ್ಕು ದಶಕ ಹಿಂದಕ್ಕೆ ಹೋಗಿ, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡಿತು. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಇದು. ಸಾರಾ ಅವರು 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅವರಿದ್ದಾಗಲೇ ಇದನ್ನು ಮಾಡಬೇಕಿತ್ತು ಎಂದು ಕೂಟದಲ್ಲಿ ಒಬ್ಬರು ಹೇಳಿದ್ದು ಸರಿ.

ಚರ್ಚೆ ಶುರುವಾದ ಹತ್ತೇ ನಿಮಿಷಕ್ಕೆ ಎರಡು ಮಾತು ಕೇಳಿಬಂದವು. ಒಂದು, “ತ್ರಿವಳಿ ತಲಾಖ್ ಈಗ ಹೋಯಿತಲ್ಲ, ಕಾದಂಬರಿಯ ಕೆಲಸ ಮುಗಿಯಿತು.” ಇನ್ನೊಂದು, “ಅದು ಅವರ ಸಮಾಜದ ಕಥೆ.” ಎರಡನ್ನೂ ಆಡಿದವರು ಒಳ್ಳೆಯ ಓದುಗರೇ. ಆದರೆ ಎರಡೂ ಮಾತು ಕಾದಂಬರಿಯನ್ನು ಓದದೆಯೇ ಆಡಬಹುದಾದಂಥವು ಎಂಬುದು ನಮ್ಮ ತಕರಾರು.

ಕಥೆ ತೀರಾ ಸರಳ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಆಸುಪಾಸಿನ ಬಡ ಮನೆ. ಸಿಡುಕಿನ, ಹಟಮಾರಿ ಅಪ್ಪ ಮಹಮ್ಮದ್ ಖಾನ್. ಗಂಡನ ಮಾತಿಗೆ ಎದುರಾಡದ ತಾಯಿ ಫಾತಿಮ್ಮ. ಮಗಳು ನಾದಿರಾಳ ಮದುವೆ ರಶೀದನ ಜೊತೆ ಆಗುತ್ತದೆ, ಅವರಿಬ್ಬರೂ ಅನ್ಯೋನ್ಯವಾಗಿರುತ್ತಾರೆ. ಮುಂದೆ ಹಣದ ವಿಚಾರಕ್ಕೆ ಅಳಿಯನ ಮೇಲೆ ಮುನಿಸಿಕೊಂಡ ಅಪ್ಪ ಮಗಳನ್ನು ತವರಿಗೆ ಎಳೆದು ತಂದು, ಒತ್ತಡ ಹಾಕಿ ಅಳಿಯನಿಂದ ತಲಾಖ್ ಹೇಳಿಸುತ್ತಾನೆ. ಕೋಪ ಇಳಿದು ಇಬ್ಬರನ್ನೂ ಮತ್ತೆ ಕೂಡಿಸುವ ಮಾತು ಬಂದಾಗ ನಿಯಮ ಅಡ್ಡ ನಿಲ್ಲುತ್ತದೆ: ನಾದಿರಾ ಮೊದಲು ಬೇರೊಬ್ಬನನ್ನು ಮದುವೆಯಾಗಿ, ಅವನ ಜೊತೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆಯಬೇಕು. ಅವಳು ಮಸೀದಿಯ ಕೆರೆಗೆ ಹಾರಿ ಪ್ರಾಣ ಬಿಡುತ್ತಾಳೆ.

ಈ ಕಥೆಯಲ್ಲಿ ತಲಾಖ್ ಬೇಕಾಗಿದ್ದದ್ದು ಯಾರಿಗೆ? ರಶೀದನಿಗಲ್ಲ, ನಾದಿರಾಳಿಗಂತೂ ಅಲ್ಲ. ಬೇಕಾಗಿದ್ದದ್ದು ಅಪ್ಪನಿಗೆ. ಇಷ್ಟು ಗಮನಿಸಿದರೆ ಮೊದಲ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. 2017ರ ಆಗಸ್ಟ್ 22ರಂದು ಶಾಯರಾ ಬಾನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದೇ ಉಸಿರಿನ ತಲಾಖನ್ನು ಮೂರಕ್ಕೆ ಎರಡು ಮತಗಳಿಂದ ತಳ್ಳಿಹಾಕಿತು. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದಾದ ಅಪರಾಧ ಮಾಡಿತು. ಶಾಯರಾ ಬಾನೋ ಅವರಂಥ ಹೆಣ್ಣುಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಿದ್ದು ಸಣ್ಣ ಸಂಗತಿಯಲ್ಲ. ಆದರೆ ನಾದಿರಾಳ ಮನೆಯನ್ನು ಈ ಕಾಯ್ದೆಯೊಳಗೆ ತಂದಿಟ್ಟು ನೋಡಿ. ಬಾಯಿಬಿಟ್ಟು ತಲಾಖ್ ಹೇಳಿದವನು ರಶೀದ್, ಆದ್ದರಿಂದ ಜೈಲಿಗೆ ಹೋಗಬೇಕಾದವನೂ ಅವನೇ. ದೂರು ಕೊಡುವ ಹಕ್ಕು ಹೆಂಡತಿಗೆ ಮಾತ್ರವಲ್ಲ, ಅವಳ ರಕ್ತಸಂಬಂಧಿಗಳಿಗೂ ಇದೆ. ಅಂದರೆ ಇಡೀ ಅನಾಹುತಕ್ಕೆ ಕಾರಣನಾದ ಮಹಮ್ಮದ್ ಖಾನನೇ ಪೊಲೀಸ್ ಠಾಣೆಗೆ ಹೋಗಿ ಅಳಿಯನ ಮೇಲೆ ದೂರು ಬರೆಸಬಹುದು! ಆ ತಲಾಖ್ ಈಗ ಕಾಗದದಲ್ಲಿ ಊರ್ಜಿತವಾಗುವುದಿಲ್ಲ, ನಿಜ. ಆದರೆ ಮಗಳನ್ನು ಮನೆಯಿಂದ ಮನೆಗೆ ಎಳೆದೊಯ್ಯುವ ಅಪ್ಪನ ಕೈಯನ್ನು ಹಿಡಿಯುವ ಮಾತು ಆ ಕಾಯ್ದೆಯಲ್ಲಿಲ್ಲ. ಸಾರಾ ಬರೆದದ್ದು ಆ ಕೈಯ ಬಗ್ಗೆ.

ಎರಡನೆಯ ಆಕ್ಷೇಪವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಕಾದಂಬರಿಯಿಂದ ತಲಾಖ್, ನಿಕಾಹ್ ಎಂಬ ಪದಗಳನ್ನು ಒಂದು ಗಳಿಗೆ ತೆಗೆದಿಟ್ಟರೆ ಉಳಿಯುವುದೇನು? ತನ್ನದೇ ಸಂಪಾದನೆ ಇಲ್ಲದ ಒಬ್ಬಳು ಹೆಣ್ಣುಮಗಳು. ಅವಳ ಬಾಳಿನ ಬಗ್ಗೆ ಜಗಲಿಯಲ್ಲಿ ಕೂತು ತೀರ್ಮಾನ ಮಾಡುವ ಗಂಡಸರು. ಒಳಗೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವ ತಾಯಿ. ಈ ಜಗಲಿ ಯಾವ ಜಾತಿಯ ಮನೆಗಿಲ್ಲ ಹೇಳಿ. ಮದುವೆ ಮಾಡುವಾಗ ನಾದಿರಾಳನ್ನು ಕೇಳಲಿಲ್ಲ. ಕರೆತರುವಾಗ, ತಲಾಖ್ ಹೇಳಿಸುವಾಗ, ಮತ್ತೆ ಕೂಡಿಸಲು ಹೊರಟಾಗಲೂ ಕೇಳಲಿಲ್ಲ. ಅವಳನ್ನು ನೋಯಿಸಿದವರು ಮಾತ್ರವಲ್ಲ, ಅವಳಿಗೆ ಒಳ್ಳೆಯದು ಮಾಡಲು ಹೊರಟವರೂ ಕೇಳಲಿಲ್ಲ ಎಂಬುದು ಈ ಪುಸ್ತಕದ ಅತಿ ಕಠಿಣವಾದ ಮಾತು. ಮಹಿಳಾ ಸಬಲೀಕರಣದ ಬಗ್ಗೆ ಭಾಷಣ ಮಾಡುವವರಿಗೆ (ನಮ್ಮ ಸಂಘಸಂಸ್ಥೆಗಳ ವೇದಿಕೆಗಳೂ ಇದಕ್ಕೆ ಹೊರತಲ್ಲ) ಇದು ಹಿತವಾಗಲಾರದು.

ಸತ್ವಾದಲ್ಲಿ ಕೂತು ಓದುವಾಗ ಇನ್ನೂ ಒಂದು ಹೊಳೆಯುತ್ತದೆ. ಗಂಡನ ವೀಸಾದಲ್ಲಿ ಬಂದ ಹೆಂಡತಿ ಕೆಲಸಕ್ಕೆ ಸೇರಬೇಕಾದರೆ ಗಂಡನಿಂದ ಎನ್‌ಒಸಿ ತಾ ಎಂದು ಕಂಪನಿಗಳು ಕೇಳುವುದು ನಮಗೆಲ್ಲ ಗೊತ್ತು. ಪಾಸ್‌ಪೋರ್ಟಿನಲ್ಲಿ ವೀಸಾ ಹಾಳೆ ಅಂಟಿಸುತ್ತಿದ್ದ ಕಾಲದಲ್ಲಿ, ಎಂ.ಎ. ಓದಿದವಳಿಗೂ ಬಿ.ಇ. ಓದಿದವಳಿಗೂ ವೃತ್ತಿ ‘ಗೃಹಿಣಿ’ ಎಂದೇ ಅಚ್ಚಾಗಿರುತ್ತಿತ್ತು. ಹೆಚ್ಚಿನ ಗಂಡಂದಿರು ಆ ಕಾಗದಕ್ಕೆ ನಗುನಗುತ್ತಲೇ ಸಹಿ ಹಾಕುತ್ತಾರೆ. ರಶೀದನೂ ಒಳ್ಳೆಯ ಗಂಡನೇ. ಸಹಿ ಅವನ ಕೈಯಲ್ಲಿರುವುದೇ ಇಲ್ಲಿನ ಪ್ರಶ್ನೆ. ಇನ್ನು ಗಲ್ಫಿಗೆ ಗಂಡನನ್ನು ಕಳಿಸಿ ಕಾಸರಗೋಡು, ಪುತ್ತೂರು, ಭಟ್ಕಳಗಳಲ್ಲಿ ಉಳಿದ ಹೆಂಗಸರ ಪಾಡು ಬೇರೆ. ಮನೆ ಕಟ್ಟಿಸುವುದರಿಂದ ಮಗಳ ಮದುವೆಯವರೆಗೆ ಎಲ್ಲ ಓಡಾಟ ಅವರದು, ಕೊನೆಯ ಮಾತು ಫೋನಿನಲ್ಲಿ ಇಲ್ಲಿಂದ ಹೋಗುತ್ತದೆ.

ಕಾದಂಬರಿಗೆ ಕೊರತೆಗಳಿಲ್ಲವೆಂದಲ್ಲ. ಮಹಮ್ಮದ್ ಖಾನ್ ಸಿಟ್ಟಿನ ಮೂರ್ತಿಯಾಗಿಯೇ ಉಳಿದುಬಿಡುತ್ತಾನೆ. ಅವನನ್ನು ಹಾಗೆ ಮಾಡಿದ ಬಡತನದ ಒಳಗುದಿ ಬೇಕಾದಷ್ಟು ಕಾಣುವುದಿಲ್ಲ. ಕೆಲವು ಕಡೆ ಪಾತ್ರದ ಬಾಯಲ್ಲಿ ಲೇಖಕಿಯೇ ಮಾತಾಡುತ್ತಾರೆ. ಭಾಷೆ ವರದಿಯಂತೆ ನೇರವಾಗಿದೆ, ಆದರೆ ಅದನ್ನು ನಾವು ದೋಷವೆನ್ನುವುದಿಲ್ಲ. ದೊಡ್ಡ ಜಗಳ ನಡೆದದ್ದು ಅಂತ್ಯದ ಬಗ್ಗೆ. ನಾಯಕಿಯನ್ನು ಕೆರೆಗೆ ನೂಕುವುದು ಕನ್ನಡ ಕಾದಂಬರಿಯ ಹಳೆಯ ಚಾಳಿಯಲ್ಲವೇ ಎಂದು ನಮ್ಮ ಕೂಟದ ಹೆಂಗಸರೇ ಹೆಚ್ಚಾಗಿ ಕೇಳಿದರು. ಬಾನು ಅವರ ‘ಎದೆಯ ಹಣತೆ’ ಕಥೆಯನ್ನು ಪಕ್ಕದಲ್ಲಿಟ್ಟರೆ ಈ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ. ಅಲ್ಲಿ ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ, ತವರಿನವರು ಅವಳನ್ನು ತಿರುಗಿ ಗಂಡನ ಮನೆಗೇ ತಂದು ಬಿಡುತ್ತಾರೆ. ನಾದಿರಾಳ ತವರು ಎಳೆದುಕೊಂಡಿತು, ಮೆಹರುನಳ ತವರು ದೂಡಿತು. ಸೀಮೆಎಣ್ಣೆ ಸುರಿದುಕೊಂಡ ಮೆಹರುನಳನ್ನು ತಡೆಯುವವಳು ಅವಳ ಮಗಳು ಸಲ್ಮಾ. ನಾದಿರಾಳ ಕೆರೆಯ ದಡದಲ್ಲಿ ಸಲ್ಮಾ ಇರಲಿಲ್ಲ. ನಾವು ಒಮ್ಮತಕ್ಕೆ ಬರಲಿಲ್ಲ. ಆದರೂ ಹೆಚ್ಚಿನವರಿಗೆ ಅನಿಸಿದ್ದಿಷ್ಟು: ಇಡೀ ಕಾದಂಬರಿಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ನಾದಿರಾ ತಾನಾಗಿ ಮಾಡುವ ಕೆಲಸ ಅದೊಂದೇ, ಮತ್ತು ಆ ಒಂದನ್ನು ಬಿಟ್ಟು ಬೇರೇನನ್ನೂ ಅವಳಿಗೆ ಉಳಿಸದ ಊರಿನ ಮೇಲೆ ಲೇಖಕಿಗೆ ಕೋಪವಿದೆ.

ಸಾರಾ ಅವರ ಬದುಕನ್ನೂ ಇದರ ಜೊತೆಗಿಟ್ಟು ನೋಡಬೇಕು. 1936ರಲ್ಲಿ ಹುಟ್ಟಿದ ಅವರು ಕಾಸರಗೋಡಿನಲ್ಲಿ ಶಾಲೆ ಕಲಿತ ಮೊದಲ ಮುಸ್ಲಿಂ ಹುಡುಗಿಯರಲ್ಲೊಬ್ಬರು. ಕಲಿತದ್ದು ಕನ್ನಡದಲ್ಲಿ. 1956ರಲ್ಲಿ ಊರು ಕೇರಳಕ್ಕೆ ಸೇರಿದರೂ ಬರೆದದ್ದು ಕನ್ನಡದಲ್ಲೇ. ಬರೆಯಲು ಕೂತಾಗ ವಯಸ್ಸು ನಲವತ್ತು ದಾಟಿತ್ತು. ಮುಂದೆ ‘ಚಂದ್ರಗಿರಿ ಪ್ರಕಾಶನ’ವನ್ನು ತಾವೇ ನಡೆಸಿದರು. 2011ರ ‘ಬ್ಯಾರಿ’ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ, ಅದು ತನ್ನ ಅನುಮತಿಯಿಲ್ಲದೆ ಈ ಕಾದಂಬರಿಯಿಂದಲೇ ಎತ್ತಿಕೊಂಡದ್ದು ಎಂದು ಕೋರ್ಟಿಗೆ ಹೋದವರೂ ಅವರೇ. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು.

ಮುಂದಿನ ಓದಿಗೆ ಅವರ ‘ಸಹನಾ’ ಮತ್ತು ‘ವಜ್ರಗಳು’ ಎರಡರಲ್ಲಿ ಒಂದನ್ನು ಆರಿಸಬೇಕಿದೆ. ಪ್ರತಿಗಳು ಇಲ್ಲಿ ಸಿಗುವುದು ಕಷ್ಟ. ಊರಿಗೆ ಹೋಗುವವರು ದಯವಿಟ್ಟು ಮೊದಲೇ ತಿಳಿಸಿ, ಪಟ್ಟಿ ಕಳಿಸುತ್ತೇವೆ.